ಮಲೆನಾಡಿನ ಹೆಂಚಿನ ಮನೆಗೆ ಯಾವ ಅಲಾರಂ?

ಹೆಂಚಿನ ಮನೆಗೆ ನುಗ್ಗಲು ಕಳ್ಳ ಬಾಗಿಲು ಒಡೆಯಲೇಬೇಕೆಂದಿಲ್ಲ. ಹಿತ್ತಿಲ ಕಡೆಯ ಮಾಡು ಕೈಗೆಟುಕುವಷ್ಟು ತಗ್ಗಾಗಿರುತ್ತದೆ. ನಾಲ್ಕು ಹೆಂಚು ಸರಿಸಿ ಒಂದೆರಡು ರೀಪು ಮುರಿದರೆ ಸೀದಾ ಅಟ್ಟಕ್ಕೆ ಇಳಿಯಬಹುದು. ಆನ್‌ಲೈನ್‌ನಲ್ಲಿ ಸಿಗುವ ಅಲಾರಂ ಕಿಟ್‌ಗಳು ಇದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಒಂದೇ ಬಾಗಿಲು, ಕಾಂಕ್ರೀಟ್ ತಾರಸಿ, ಗೋಡೆಯಾಚೆಗೇ ನೆರೆಯವರು ಇರುವ ಫ್ಲ್ಯಾಟಿಗೆಂದು ಮಾಡಿದ ಸಾಮಾನು ಅವು. ತೀರ್ಥಹಳ್ಳಿ, ಸಾಗರ, ಶಿರಸಿ, ಕೊಪ್ಪದ ಕಡೆಯ ತೊಟ್ಟಿ ಮನೆಗಳ ಪಾಡು ಬೇರೆ: ಐದಾರು ಬಾಗಿಲು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ, ಮನೆಯೊಳಗೆ ವಯಸ್ಸಾದ ಇಬ್ಬರು, ಇಲ್ಲವೇ ಬೀಗ. ಅಂಥ ಮನೆಯಲ್ಲಿ ಯಾವ ಬಗೆಯ ಅಲಾರಂ ತಾಳಿಕೆ ಬರುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಿದ್ದೇವೆ.

ಮೊದಲು ಅಗ್ಗದ ಜಿಎಸ್ಎಂ ಕಿಟ್, ಅಂದರೆ ಸಿಮ್ ಹಾಕಿ ಫೋನಿಗೆ ಕರೆ ಹೋಗುವಂಥದ್ದು. ಎಲ್ಲವನ್ನೂ ನಡೆಸುವ ಒಂದು ಪ್ಯಾನೆಲ್, ಎರಡು ಬಾಗಿಲ ಸೆನ್ಸರ್, ಚಲನೆ ಹಿಡಿಯುವ ಒಂದು ಪಿಐಆರ್ ಸೆನ್ಸರ್, ಎರಡು ರಿಮೋಟ್, ಒಂದು ಪುಟ್ಟ ಸೈರನ್. ಇವುಗಳಲ್ಲಿ ಹೆಚ್ಚಿನವು 433 ಮೆಗಾಹರ್ಟ್ಸ್‌ನಲ್ಲಿ ಒಮ್ಮುಖವಾಗಿ ಕೆಲಸ ಮಾಡುತ್ತವೆ: ಸೆನ್ಸರ್ ಹೇಳುತ್ತದೆ, ಪ್ಯಾನೆಲ್ ಕೇಳುತ್ತದೆ, ಅಷ್ಟೇ. ಸೆನ್ಸರಿನ ಬ್ಯಾಟರಿ ಸತ್ತರೂ, ಸೆನ್ಸರ್ ಕಿತ್ತು ಬಿದ್ದರೂ ಪ್ಯಾನೆಲ್‌ಗೆ ತಿಳಿಯದು. ಎರಡಡಿ ದಪ್ಪದ ಮಣ್ಣು ಅಥವಾ ಕೆಂಪುಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ಕೋಡ್ ಬದಲಾಗದ ರಿಮೋಟ್ ಆದರೆ ಅದರ ಸಿಗ್ನಲ್ಲನ್ನು ನಕಲು ಮಾಡಿ ಅಲಾರಂ ಆಫ್ ಮಾಡಲೂಬಹುದು. ಜೊತೆಗೆ, ಪ್ಯಾನೆಲ್ ಬರೀ 2ಜಿಯದಾಗಿದ್ದರೆ ಅದರಲ್ಲಿ ಜಿಯೊ ಸಿಮ್ ನಡೆಯುವುದೇ ಇಲ್ಲ. ಜಿಯೊಗೆ 2ಜಿ ಜಾಲವಿಲ್ಲ. ಪೆಟ್ಟಿಗೆಯ ಮೇಲೆ ಬರೀ ‘ಜಿಎಸ್ಎಂ’ ಎಂದಿದ್ದರೆ 4ಜಿ ಇದೆಯೇ, 4ಜಿ ಜಾಲದಲ್ಲೇ ಕರೆ (VoLTE) ಹೋಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಪಂಪ್‌ಶೆಡ್ಡಿಗೆ ಈ ಕಿಟ್ ಆದೀತು, ಮನೆಗೆ ಸಾಲದು.

ವೈಫೈ ಕ್ಯಾಮೆರಾವನ್ನೇ ಅಲಾರಂ ಎಂದು ನಂಬುವವರಿದ್ದಾರೆ. ಕರೆಂಟು, ರೂಟರ್, ಇಂಟರ್‌ನೆಟ್ ಮೂರೂ ಇದ್ದರೆ ಮಾತ್ರ ಅದು ಸುದ್ದಿ ಮುಟ್ಟಿಸುತ್ತದೆ. ಅಲಾರಂ ಬಂದ ಮೇಲೆ ಒಳಗೆ ಏನಾಗುತ್ತಿದೆ ಎಂದು ನೋಡಲು ಒಳ್ಳೆಯದು, ಅದಕ್ಕಿಂತ ಹೆಚ್ಚಿನ ಭಾರ ಅದರ ಮೇಲೆ ಹಾಕಬೇಡಿ.

ಮೂರನೆಯದು ಇಮ್ಮುಖ ವೈರ್‌ಲೆಸ್. ಅಜಾಕ್ಸ್ ಕಂಪನಿಯದ್ದು ಈ ಬಗೆಯಲ್ಲಿ ಹೆಸರಾದದ್ದು. ಪ್ಯಾನೆಲ್ ಪ್ರತಿ ಸೆನ್ಸರನ್ನೂ ಆಗಾಗ ವಿಚಾರಿಸಿಕೊಳ್ಳುತ್ತದೆ. ಒಂದು ಉತ್ತರ ಕೊಡದಿದ್ದರೆ ನಿಮ್ಮ ಫೋನಿಗೆ ತಿಳಿಸುತ್ತದೆ. ಕಳ್ಳರ ಅಲಾರಂಗಳಿಗಿರುವ ಯುರೋಪಿನ ಇಎನ್ 50131 ಮಾನದಂಡದ 2ನೇ ದರ್ಜೆಯ ಪ್ರಮಾಣಪತ್ರ ಇದಕ್ಕಿದೆ. ಮನೆಗೆ ಆ ದರ್ಜೆ ಸಾಕು. ಇದರ ಪ್ಯಾನೆಲ್ಲಿಗೆ ಹಬ್ ಎಂದು ಹೆಸರು; ಹಬ್ 2ರ 4ಜಿ ಮಾದರಿಗೆ ಎರಡು ಸಿಮ್ ಹಾಕಬಹುದು, ಲ್ಯಾನ್ ಕೇಬಲ್ಲನ್ನೂ ಜೋಡಿಸಬಹುದು. ಬಯಲಿನಲ್ಲಿ 2,000 ಮೀಟರ್ ಎಂದು ಕಂಪನಿ ಹೇಳುವ ವ್ಯಾಪ್ತಿ ದಪ್ಪ ಗೋಡೆಗಳ ನಡುವೆ ಬಹಳ ತಗ್ಗುತ್ತದೆ, ಆದರೂ ದೊಡ್ಡ ತೊಟ್ಟಿ ಮನೆಯನ್ನು ಸಂಭಾಳಿಸುತ್ತದೆ. ಕೆತ್ತನೆಯ ಕಂಬ, ತೊಲೆಗಳಿಗೆ ಒಂದು ತೂತೂ ಬೀಳಬಾರದು ಎನ್ನುವವರಿಗೆ ಇದೇ ಸರಿ. ಕೊರತೆ ಎರಡು. ಹಬ್ಬಿನೊಳಗಿನ ಬ್ಯಾಟರಿಗೆ ಕಂಪನಿ ಹೇಳುವ ಗರಿಷ್ಠ ಅವಧಿ 16 ಗಂಟೆ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಅದು ಏನೇನೂ ಸಾಲದು. ಇನ್ನು ಒಂದು ಸೆನ್ಸರ್ ಕೆಟ್ಟರೆ ಅದೇ ಕಂಪನಿಯದ್ದೇ ಬೇಕು, ಸಿಆರ್123ಎ ಬ್ಯಾಟರಿಗೂ ಪೇಟೆಗೆ ಹೋಗಬೇಕು.

ನಮ್ಮ ಆಯ್ಕೆ ನಾಲ್ಕನೆಯದು: ಎಂಟು ಝೋನಿನ, ಅಂದರೆ ಎಂಟು ಸೆನ್ಸರ್ ಲೈನುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ವೈರ್ ಪ್ಯಾನೆಲ್, ಅದಕ್ಕೊಂದು ಸಿಮ್ ಮೂಲಕ ಕರೆ ಮಾಡುವ 4ಜಿ ಡಯಲರ್. ಬಾಷ್ ಸೊಲ್ಯೂಷನ್ 2000 ಈ ಗಾತ್ರದ್ದು. ಕಾರಣ ಸರಳ. 12 ವೋಲ್ಟಿನ ಯಾವ ಕಂಪನಿಯ ಪಿಐಆರ್ ಆದರೂ ಇದಕ್ಕೆ ಹೊಂದುತ್ತದೆ, ಬ್ಯಾಟರಿ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ, ಮನೆ ವೈರಿಂಗ್ ಮಾಡುವ ಊರಿನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ದೋಷ ಹುಡುಕಬಲ್ಲ. ಕೆಟ್ಟದ್ದನ್ನು ಊರಿನಲ್ಲೇ ಸರಿಮಾಡಲಾಗದ ಅಲಾರಂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆಫ್ ಆಗಿ ಕೂರುತ್ತದೆ.

ವೈರಿಂಗ್‌ನಲ್ಲಿ ಬಿಗಿಯಾಗಿರಬೇಕಾದ ವಿಷಯ ಮೂರು. ಕೇಬಲ್ ಅಪ್ಪಟ ತಾಮ್ರದ್ದೇ ಇರಲಿ; ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಇಲ್ಲಿಯ ತೇವಕ್ಕೆ ಜಾಯಿಂಟಿನಲ್ಲಿ ಬೇಗ ಕಿಲುಬು ಹಿಡಿಯುತ್ತದೆ. ತೊಲೆಯ ಮೇಲೆ ಬರಿಯ ವೈರ್ ಎಳೆದರೆ ಇಲಿ ಕಡಿಯುವುದು ಖಚಿತ, ಹಾಗಾಗಿ ಪಿವಿಸಿ ಪೈಪಿನೊಳಗೇ ಹೋಗಲಿ. ಮೂರನೆಯದನ್ನು ಕೆಲಸದವರು ಪದೇ ಪದೇ ತಪ್ಪಿಸುತ್ತಾರೆ: ಪ್ರತಿ ಝೋನಿನ ಕೊನೆಯಲ್ಲಿ ಹಾಕುವ ರೆಸಿಸ್ಟರ್ ಸೆನ್ಸರಿನೊಳಗೆ ಇರಬೇಕು. ಸುಲಭವೆಂದು ಅದನ್ನು ಪ್ಯಾನೆಲ್ ಪೆಟ್ಟಿಗೆಯಲ್ಲೇ ಕೂರಿಸಿದರೆ, ಎರಡು ವೈರುಗಳನ್ನು ನಡುವೆ ಒಟ್ಟು ಸೇರಿಸಿಬಿಟ್ಟರೂ ಪ್ಯಾನೆಲ್ ‘ಎಲ್ಲ ಸರಿಯಿದೆ’ ಎಂದೇ ತೋರಿಸುತ್ತದೆ.

ಇನ್ನು ಸೆನ್ಸರ್ ಎಲ್ಲಿಡಬೇಕು? ಹಣ ವ್ಯರ್ಥವಾಗುವುದೂ ಉಳಿಯುವುದೂ ಇಲ್ಲಿಯೇ. ಮಾಡಿನಿಂದ ಇಳಿಯುತ್ತಾರಲ್ಲ, ಹೆಂಚಿನ ಕೆಳಗೇ ಸೆನ್ಸರ್ ಹಾಕೋಣ ಎಂದು ಮೊದಲು ತೋಚುತ್ತದೆ. ಹಾಕಬೇಡಿ. ಅಟ್ಟದಲ್ಲಿ ಬಾವಲಿ, ಇಲಿ, ಬೆಕ್ಕು ಓಡಾಡುತ್ತವೆ. ಪಕಾಸಿಗೆ ಕಂಪನ ಸೆನ್ಸರ್ ಕಟ್ಟಿದರೆ ಮಂಗಗಳು ಮಾಡಿನ ಮೇಲೆ ಹಾರಿದಾಗಲೆಲ್ಲ ಕೂಗುತ್ತದೆ. ಹತ್ತು ಸಲ ಸುಳ್ಳು ಕೂಗಿದ ಸೈರನ್ನಿಗೆ ಹನ್ನೊಂದನೆಯ ಸಲ ಯಾರೂ ಏಳುವುದಿಲ್ಲ. ಕಳ್ಳ ಅಟ್ಟಕ್ಕೆ ಬಂದರೂ ಅವನಿಗೆ ಬೇಕಾದದ್ದು ಕೆಳಗಿದೆ. ಅಟ್ಟದಿಂದ ಇಳಿಯುವ ಬಾಗಿಲಿಗೆ ಒಂದು ಮ್ಯಾಗ್ನೆಟ್ ಸೆನ್ಸರ್. ನಡುಮನೆಯಲ್ಲಿ, ಅಟ್ಟದ ಮೆಟ್ಟಿಲಿನಿಂದ ಕಪಾಟಿನ ಕೋಣೆಗೆ ಹೋಗುವ ದಾರಿಯನ್ನು ಅಡ್ಡಲಾಗಿ ನೋಡುವಂತೆ ಒಂದು ಪಿಐಆರ್. ದೇವರ ಕೋಣೆಯ ಎದುರು ಇನ್ನೊಂದು. ಅಡಿಕೆ ಮೂಟೆ ಅಟ್ಟದಲ್ಲೇ ಇಡುವ ಮನೆಯಾದರೆ ಮಾತ್ರ ಲೆಕ್ಕ ಬದಲಾಗುತ್ತದೆ: ಮೂಟೆಗಳಿರುವ ಭಾಗಕ್ಕೆ ಹಲಗೆ ಹೊಡೆದು, ಮೇಲೆ ಬಲೆ ಹಾಕಿ ಕೋಣೆ ಮಾಡಿ, ಅದರ ಬಾಗಿಲಿಗೆ ಸೆನ್ಸರ್ ಹಾಕಿ.

ಪಿಐಆರ್ ನೋಡುವುದು ಹಿನ್ನೆಲೆಗಿಂತ ಬೇರೆ ಬಿಸಿಯಿರುವ ವಸ್ತುವಿನ ಚಲನೆಯನ್ನು. ತನ್ನತ್ತ ನೇರ ಬರುವವನಿಗಿಂತ ಅಡ್ಡ ಹಾಯುವವನನ್ನು ಅದು ಬೇಗ ಹಿಡಿಯುತ್ತದೆ. ಎತ್ತರ 2.1ರಿಂದ 2.4 ಮೀಟರ್. ತೊಟ್ಟಿಯ ಕಡೆಗೆ ಮುಖ ಮಾಡಬಾರದು. ಬಿಸಿಲು, ಮಳೆ, ಹಕ್ಕಿ ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಬಚ್ಚಲಿನ ಹಂಡೆ ಒಲೆಯ ಎದುರೂ ಬೇಡ. ಹಲ್ಲಿಯೋ ಜೇಡವೋ ಲೆನ್ಸಿನ ಮೇಲೆ ಹರಿದರೆ ಅದಕ್ಕೆ ಆಳಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ವೈರ್ ಒಳಹೋಗುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿ, ಎಷ್ಟು ಸಲ ಚಲನೆ ಕಂಡರೆ ಕೂಗಬೇಕೆಂಬ ಪಲ್ಸ್ ಎಣಿಕೆಯನ್ನು 2ಕ್ಕೆ ಇಡಿ, ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಜಗಲಿಗೆ ಪಿಐಆರ್ ಜೊತೆಗೆ ಮೈಕ್ರೊವೇವ್ ಅಲೆಗಳಿಂದಲೂ ಚಲನೆ ಹಿಡಿಯುವ ಜೋಡಿ ಸೆನ್ಸರ್ ಉತ್ತಮ. ಆದರೆ ಮೈಕ್ರೊವೇವ್ ಹಲಗೆಯ ಗೋಡೆ ದಾಟಿ ಆಚೆಯ ಚಲನೆಯನ್ನೂ ಗ್ರಹಿಸಬಲ್ಲದು, ಅದರ ವ್ಯಾಪ್ತಿಯನ್ನು ಆದಷ್ಟು ಕಿರಿದು ಮಾಡಿ. ಅಡಿಕೆ ಒಣಗಿಸುವ ಅಂಗಳಕ್ಕೆ ಇನ್‌ಫ್ರಾರೆಡ್ ಬೀಮ್ ಹಾಕಿಸಲು ಅಂಗಡಿಯವರು ಒತ್ತಾಯಿಸುತ್ತಾರೆ. ಬೀಳುವ ಅಡಿಕೆ ಸೋಗೆ, ದಟ್ಟ ಮಂಜು, ದನ ಯಾವುದು ಅಡ್ಡಬಂದರೂ ಅದು ಕೂಗುತ್ತದೆ. ಅಂಗಳಕ್ಕೆ ಆಪ್ಟೆಕ್ಸ್ ವಿಎಕ್ಸ್‌ಐ ತರಹದ ಹೊರಾಂಗಣ ಪಿಐಆರ್ ವಾಸಿ. 0.8ರಿಂದ 1.2 ಮೀಟರ್ ಎತ್ತರದಲ್ಲಿ ಕೂರಿಸುವ ಇದರಲ್ಲಿ ಮೇಲೊಂದು ಕೆಳಗೊಂದು ನೋಟವಿದೆ, ಎರಡಕ್ಕೂ ಒಟ್ಟಿಗೆ ಕಂಡದ್ದಕ್ಕೆ ಮಾತ್ರ ಅಲಾರಂ. ನಾಯಿಗೆ ಕೂಗದು, ದನಕ್ಕೆ ಕೂಗೀತು.

ಹಳೆಯ ಜೋಡಿ ಕದ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸಡಿಲಾಗುತ್ತದೆ. ಸಾಮಾನ್ಯ ಮ್ಯಾಗ್ನೆಟ್ ಸೆನ್ಸರಿಗೆ 15-20 ಮಿ.ಮೀ. ಅಂತರ ಮಾತ್ರ ಸಹ್ಯ. ಮಾರ್ಚ್ ತಿಂಗಳ ಗಾಳಿಗೆ ಕದ ಅಲುಗಿದರೆ ಸಾಕು, ಸೈರನ್. 40-50 ಮಿ.ಮೀ. ತಾಳುವ ಅಗಲ ಅಂತರದ್ದನ್ನೇ ಕೇಳಿ ತನ್ನಿ. ಕದಕ್ಕೆ ಕಬ್ಬಿಣದ ಪಟ್ಟಿ ಹೊಡೆದಿದ್ದರೆ ಕಾಂತದ ಬಲ ಕುಗ್ಗುತ್ತದೆ; ನಡುವೆ 10 ಮಿ.ಮೀ. ಮರದ ಚೂರಿಟ್ಟು ಹಿತ್ತಾಳೆ ಸ್ಕ್ರೂನಲ್ಲಿ ಕೂರಿಸಿ. ಎಣ್ಣೆ ಹಚ್ಚಿದ ಹಲಸಿನ ಕದಕ್ಕೆ ಅಂಟುಪಟ್ಟಿ ನಿಲ್ಲುವುದಿಲ್ಲ.

ಬ್ಯಾಟರಿಯ ಲೆಕ್ಕವನ್ನು ಯಾರೂ ಮಾಡಿಕೊಡುವುದಿಲ್ಲ, ನೀವೇ ಮಾಡಿಕೊಳ್ಳಿ. ಪ್ಯಾನೆಲ್, ನಾಲ್ಕು ಪಿಐಆರ್, ಡಯಲರ್ ಎಲ್ಲ ಸೇರಿ ಸುಮಾರು 250 ಮಿಲಿಆಂಪಿಯರ್ ಎಳೆದರೆ, ಜೊತೆಗೆ ಬರುವ 7 ಎ.ಎಚ್. (ಆಂಪಿಯರ್-ಗಂಟೆ) ಬ್ಯಾಟರಿ ಕಾಗದದ ಮೇಲೆ 28 ಗಂಟೆ, ನಿಜದಲ್ಲಿ 20ರ ಆಸುಪಾಸು. ಮೂರು ದಿನಕ್ಕೆ 18 ಎ.ಎಚ್. ಬೇಕು, ಹಳತಾಗುವುದನ್ನೂ ಎಣಿಸಿ 26 ಎ.ಎಚ್. ಹಾಕಿ. ಅಷ್ಟನ್ನು ತುಂಬುವ ಶಕ್ತಿ ಪ್ಯಾನೆಲಿನ ಚಾರ್ಜರಿಗೆ ಸಾಮಾನ್ಯವಾಗಿ ಇರುವುದಿಲ್ಲ; 13.6-13.8 ವೋಲ್ಟ್ ಕೊಡುವ ಪ್ರತ್ಯೇಕ ಪವರ್ ಸಪ್ಲೈ ಬೇಕು. ಊರಿಗೆ ಹೊರಡುವಾಗ ಸಿಡಿಲಿನ ಭಯಕ್ಕೆ ಮೇನ್ ಸ್ವಿಚ್ ಇಳಿಸಿ ಹೋಗುವ ರೂಢಿ ಇದೆಯಲ್ಲ, ಅದರಿಂದಲೇ ಎಷ್ಟೋ ಅಲಾರಂಗಳು ಬೀಗ ಹಾಕಿದ ಮರುದಿನ ಸಾಯುತ್ತವೆ. ಅಲಾರಂ ಲೈನಿಗೆ ಬೇರೆಯೇ ಎಂಸಿಬಿ ಇರಲಿ, ಅದರ ಹಿಂದೆ ಲೈನಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಮತ್ತು 5 ಓಮ್‌ಗಿಂತ ಕಡಿಮೆಯ ಅರ್ಥಿಂಗ್. ಕೊಟ್ಟಿಗೆಗೆ, ದೂರದ ಉಗ್ರಾಣಕ್ಕೆ ಮಾತ್ರ ವೈರ್ ಎಳೆಯಬೇಡಿ. ಎರಡು ಕಟ್ಟಡಗಳ ನಡುವೆ ಉದ್ದ ಹರಿದ ತಾಮ್ರ ಏಪ್ರಿಲ್-ಮೇ ತಿಂಗಳ ಸಿಡಿಲನ್ನು ಸೀದಾ ಪ್ಯಾನೆಲಿಗೆ ತರುತ್ತದೆ. ಅಲ್ಲಿಗೆ ಇಮ್ಮುಖ ವೈರ್‌ಲೆಸ್ ಸೆನ್ಸರ್ ಜೋಡಿಸಿ.

ಸೈರನ್ ಬಗ್ಗೆ ಹೆಚ್ಚು ಭರವಸೆ ಬೇಡ. ಒಂದು ಮೀಟರಿನಲ್ಲಿ 110 ಡೆಸಿಬೆಲ್ ಇದ್ದದ್ದು ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿದು, ಅರ್ಧ ಕಿಲೋಮೀಟರ್ ಆಚೆಯ ಮನೆಗೆ 56ಕ್ಕೆ ಬರುತ್ತದೆ. ತೋಟದ ಮರೆ ಮತ್ತು ಹೆಂಚಿನ ಮೇಲಿನ ಮಳೆಯ ಸದ್ದು ಸೇರಿದರೆ ಅದೂ ಇಲ್ಲ. ಆದ್ದರಿಂದ ಕರೆ ಹೋಗುವುದೇ ಮುಖ್ಯ. ಪ್ಯಾನೆಲ್ ಇಡುವ ಜಾಗದಲ್ಲೇ ಅದೇ ಕಂಪನಿಯ ಸಿಮ್ ಇರುವ ಫೋನಿಟ್ಟು ನೋಡಿ. ಸಿಗ್ನಲ್ಲಿನ ಬಲ -105 ಡಿಬಿಎಂಗಿಂತ (ಸಿಗ್ನಲ್ ಬಲ ಅಳೆಯುವ ಮಾನ) ಕೆಳಗಿದ್ದರೆ ಆಗದು. ಉದ್ದದ ಆಂಟೆನಾ ಕೇಬಲ್ ಎಳೆದರೆ ಗಳಿಸಿದ್ದೆಲ್ಲ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ, ಬದಲಿಗೆ ಡಯಲರನ್ನೇ ಅಟ್ಟಕ್ಕೆ ಏರಿಸಿ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರ್ ಕೂಡ ಮಲಗುತ್ತದೆ. ಫೈಬರ್ ಇರುವ ಮನೆಯಲ್ಲಿ ಅದನ್ನು ಎರಡನೆಯ ದಾರಿಯಾಗಿ ಜೋಡಿಸಿ, ಆ ಮೋಡೆಮ್ಮಿಗೂ ಬ್ಯಾಟರಿ ಕೊಡಿ. ದಿನಾ ಬೆಳಿಗ್ಗೆ ಏಳಕ್ಕೆ ‘ಸರಿಯಿದೆ’ ಎಂಬ ಸಂದೇಶ ಬರುವಂತೆ ಮಾಡಿಸಿ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರಿಗೆ ಅದು ಬಾರದ ದಿನವೇ ಮೊದಲ ಎಚ್ಚರಿಕೆ. ಕರೆಯ ಪಟ್ಟಿಯಲ್ಲಿ ಮೊದಲ ಹೆಸರು ಹತ್ತು ನಿಮಿಷದಲ್ಲಿ ಮನೆ ಮುಟ್ಟಬಲ್ಲವರದ್ದಾಗಿರಲಿ, ಮಗನದ್ದಲ್ಲ. 112ನ್ನು ಯಂತ್ರದ ಪಟ್ಟಿಗೆ ಸೇರಿಸಬೇಡಿ. ವಿಷಯ ಖಚಿತವಾದ ಮೇಲೆ ಮನುಷ್ಯರೇ ಕರೆ ಮಾಡಿ ದಾರಿ ಹೇಳಬೇಕು.

ಹಿರಿಯರಿಬ್ಬರೇ ಇರುವ ಮನೆಯಲ್ಲಿ ರಾತ್ರಿಗೆ ಹೊರಬಾಗಿಲುಗಳು ಮತ್ತು ಅಟ್ಟದ ಬಾಗಿಲು ಮಾತ್ರ ಕಾವಲಿಗಿರುವಂತೆ ಪ್ರತ್ಯೇಕ ಮೋಡ್ ಮಾಡಿಸಿ. ಹಿಂಬಾಗಿಲಿಗೆ 30 ಸೆಕೆಂಡ್ ಬಿಡುವು ಕೊಡಿ, ಬಚ್ಚಲಿಗೆ ಎದ್ದು ಹೋದವರು ಗಾಬರಿಯಾಗಬಾರದು. ಮಂಚದ ಪಕ್ಕ ಒಂದು ತುರ್ತು ಗುಂಡಿ ಇರಲಿ.

ಕೆಲಸ ಮುಗಿದ ದಿನ ಕರೆಂಟ್ ತೆಗೆಸಿ ಸೈರನ್ನನ್ನು ಐದು ನಿಮಿಷ ಕೂಗಿಸಿ, ಬ್ಯಾಟರಿ 11.8 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಇದನ್ನೇ ಮತ್ತೆ ಮಾಡಿ, ಮೂರು-ನಾಲ್ಕು ವರ್ಷಕ್ಕೆ ಬ್ಯಾಟರಿ ಬದಲಿಸಿ. ಪೂರ್ತಿ ಹಣ ಕೊಡುವ ಮೊದಲು ಇನ್‌ಸ್ಟಾಲರ್ ಕೋಡನ್ನೂ ಯಾವ ಝೋನ್ ಎಲ್ಲಿದೆ ಎಂಬ ನಕ್ಷೆಯನ್ನೂ ಬರೆಸಿಕೊಳ್ಳಿ. ಆ ಕೋಡ್ ಇಲ್ಲದಿದ್ದರೆ ನಾಳೆ ಒಂದು ಸೆನ್ಸರ್ ಸೇರಿಸಬೇಕಾದರೂ ಅವರನ್ನೇ ಕಾಯಬೇಕು.