ಚೀಸ್ ಕಥೆ, ಮೂರು ಮೀನು, ಒಂದು ಹಾಳೆ ನೋಟಿಸು: ಕೆಲಸದ ಜಾಗ ಬದಲಾಗುವಾಗ ಯಾವುದು ಒದಗುತ್ತದೆ?

ಹೊಸ ಯಂತ್ರ ಬರುತ್ತದೆ, ಶಿಫ್ಟಿನ ವೇಳೆ ಬದಲಾಗುತ್ತದೆ, ರಿಜಿಸ್ಟರ್ ಹೋಗಿ ಟ್ಯಾಬ್ ಬರುತ್ತದೆ ಎಂದಾಗ ಬಹಳ ಕಡೆ ಆಡಳಿತದವರು ಮೊದಲು ಮಾಡುವ ಕೆಲಸ ಒಂದು ತರಬೇತಿ ಇಡಿಸುವುದು. ಆ ತರಬೇತಿಯ ನಡುವೆ ಒಂದು ನೀತಿಕಥೆ ಇದ್ದೇ ಇರುತ್ತದೆ. ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ ಮತ್ತು ವೇಮಗಲ್ ಕಡೆಯ ಕಾರ್ಖಾನೆಗಳು, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳು, ಇಂಥ ಕಡೆಗಳ ಕೆಲಸಗಾರರ ಜೊತೆ ನಾವು ಬಳಸಿ ನೋಡಿದ ಕಥೆಗಳನ್ನೂ ಕಥೆಯಿಲ್ಲದ ದಾರಿಗಳನ್ನೂ ಇಲ್ಲಿ ಎದುರುಬದುರು ಇಟ್ಟಿದ್ದೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕಥೆ ಬಾಯಿ ಬಿಡಿಸುತ್ತದೆ, ಕೈ ಪಳಗಿಸುವುದಿಲ್ಲ. ಸಂಬಳದ ಲೆಕ್ಕ ತಪ್ಪಿದ್ದರೆ ಬಾಯಿಯನ್ನೂ ಬಿಡಿಸುವುದಿಲ್ಲ.

ಚೀಸ್ ಕಥೆ

ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವುದು ಅಮೆರಿಕದ ಸ್ಪೆನ್ಸರ್ ಜಾನ್ಸನ್ 1998ರಲ್ಲಿ ಪ್ರಕಟಿಸಿದ ಚೀಸ್ ಕಥೆ. ದಾರಿ ತಪ್ಪಿಸುವ ಓಣಿಗಳ ಒಂದು ಜಾಗ, ಎರಡು ಇಲಿ, ಇಲಿಯಷ್ಟೇ ಎತ್ತರದ ಇಬ್ಬರು ಮನುಷ್ಯರು. ದಿನಾ ಸಿಗುತ್ತಿದ್ದ ಚೀಸ್ ಒಂದು ಬೆಳಿಗ್ಗೆ ಇರುವುದಿಲ್ಲ. ಇಲಿಗಳು ತಡಮಾಡದೆ ಬೇರೆ ಕಡೆ ಹುಡುಕಲು ಹೊರಡುತ್ತವೆ. ಮನುಷ್ಯರಲ್ಲಿ ಒಬ್ಬ ಹೆದರಿ ಹೆದರಿ ಹೊರಡುತ್ತಾನೆ, ಇನ್ನೊಬ್ಬ ಅಲ್ಲೇ ಕೂತು ಅನ್ಯಾಯವಾಯಿತು ಎನ್ನುತ್ತಾನೆ.

ಇದರ ಒಳ್ಳೆಯ ಗುಣ ನಿಜವಾದದ್ದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಓದು ಬಾರದವರಿಗೂ ತಲುಪುತ್ತದೆ. ‘ನನಗೆ ಭಯ’ ಎಂದು ಲೈನಿನಲ್ಲಿ ಯಾರೂ ಹೇಳುವುದಿಲ್ಲ. ‘ಆ ಎರಡನೆಯವನಿಗೆ ಭಯ ಇತ್ತಲ್ವಾ’ ಎಂದು ಎಲ್ಲರೂ ಹೇಳುತ್ತಾರೆ. ಒಂದು ಸಲ ಹಾಗೆ ಮಾತು ಶುರುವಾದರೆ ಮುಂದಿನದು ಸಲೀಸು.

ಆದರೆ ಚೀಸನ್ನು ಎತ್ತಿದವರು ಯಾರು, ಏಕೆ ಎತ್ತಿದರು ಎಂಬುದಕ್ಕೆ ಆ ಕಥೆಯಲ್ಲಿ ಜಾಗವಿಲ್ಲ. ನಮ್ಮ ಕಡೆ ಆ ಪ್ರಶ್ನೆ ಏಳದೆ ಇರುವುದಿಲ್ಲ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಆ ಊರಿನ ಜನ ಮಾರಿಕುಪ್ಪಂನಲ್ಲಿ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸಾಗುವುದನ್ನು ಯಾವ ಕಥೆಯಿಂದಲೂ ಕಲಿತವರಲ್ಲ. ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ನಿಂತು, ಆ ಜಾಗ ಇಸ್ರೋ ಪಾಲಾದದ್ದನ್ನು ನೋಡಿದ ಮನೆಗಳಿವೆ. ಅಂಥ ಮನೆಗಳಿಂದ ಬಂದವರ ಮುಂದೆ ‘ಸುಮ್ಮನೆ ಕೂರಬೇಡಿ, ಹುಡುಕಿಕೊಂಡು ಹೊರಡಿ’ ಎಂದರೆ ಅದು ಅವರ ಅನುಭವಕ್ಕೆ ಮಾಡಿದ ಅಗೌರವ.

ಚೀಸ್ ಗೊತ್ತಿಲ್ಲ ಎಂದು ಅದರ ಜಾಗದಲ್ಲಿ ಮುದ್ದೆ ಇಟ್ಟು ಹೇಳುವವರಿದ್ದಾರೆ. ಹಾಗೆ ಮಾಡಬಾರದು. ಚೀಸ್ ದೂರದ ವಸ್ತು, ಹಾಗಾಗಿ ಕೇಳುವವರು ಅದನ್ನು ಕಥೆಯೆಂದೇ ಕೇಳುತ್ತಾರೆ. ತಟ್ಟೆಯ ಮುದ್ದೆ ಕಿತ್ತುಕೊಂಡರು ಎಂದೊಡನೆ ಅದು ಹೊಟ್ಟೆಪಾಡಿನ ಮಾತಾಗುತ್ತದೆ, ಕಥೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಹಾಳು ಅಭ್ಯಾಸ: ಕಥೆ ಮುಗಿದ ಮೇಲೆ ಸೂಪರ್‌ವೈಸರ್ ಯಾರನ್ನಾದರೂ ತೋರಿಸಿ ‘ನೀನು ಆ ಕೂತವನ ಥರ’ ಎನ್ನುವುದು. ಆ ಹೆಸರು ಆ ಮನುಷ್ಯನಿಗೆ ತಿಂಗಳುಗಟ್ಟಲೆ ಅಂಟಿಕೊಳ್ಳುತ್ತದೆ. ಆಮೇಲೆ ಅವರು ಯಂತ್ರದ ನಿಜವಾದ ದೋಷ ಹೇಳಿದರೂ ಹಠ ಎಂದೇ ಕೇಳಿಸುತ್ತದೆ. ದೋಷವನ್ನು ಮೊದಲು ಕಾಣುವವರು ಬಹಳ ಸಲ ಅವರೇ ಆಗಿರುತ್ತಾರೆ.

ಕಪ್ಪೆ, ಪೆಂಗ್ವಿನ್

ನೀರು ನಿಧಾನವಾಗಿ ಕಾದರೆ ಕಪ್ಪೆಗೆ ತಿಳಿಯದೆ ಬೆಂದುಹೋಗುತ್ತದೆ ಎಂಬ ಕಥೆಯನ್ನು ಬಿಟ್ಟುಬಿಡಿ. ಅದು ಸುಳ್ಳು. 1869ರಲ್ಲಿ ಗೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಮಾಡಿದ ಪ್ರಯೋಗದಲ್ಲಿ ನೀರಲ್ಲೇ ಉಳಿದದ್ದು ಮಿದುಳು ತೆಗೆದ ಕಪ್ಪೆ. ಸರಿಯಿದ್ದ ಕಪ್ಪೆ ಸುಮಾರು 25 ಡಿಗ್ರಿಗೇ ಹೊರಬರಲು ಒದ್ದಾಡಿತು. ದಿನವಿಡೀ ಬಿಸಿನೀರಿನಲ್ಲಿ ಕೈ ಆಡಿಸುವ ರೀಲಿಂಗ್ ಕೆಲಸಗಾರರಿಗೆ ಈ ಕಥೆ ಹೇಳಿ ಏನೂ ಸಿಗುವುದಿಲ್ಲ.

ಕರಗುವ ಹಿಮಗಡ್ಡೆಯ ಮೇಲಿನ ಪೆಂಗ್ವಿನ್‌ಗಳ ಕಥೆ 2006ರದು, ಬರೆದವರಲ್ಲಿ ಒಬ್ಬರು ಆಡಳಿತ ವಿಷಯದ ಲೇಖಕ ಜಾನ್ ಕಾಟರ್. ಇಲ್ಲಿ ಅಪಾಯ ಕಂಡ ಒಂದು ಹಕ್ಕಿ ಹಿರಿಯರಿಗೆ ತಿಳಿಸುತ್ತದೆ, ಹಿರಿಯರು ತಂಡ ಕಟ್ಟುತ್ತಾರೆ, ಹೊಸ ಜಾಗ ನೋಡಿ ಬರಲು ಕೆಲವರನ್ನು ಕಳಿಸುತ್ತಾರೆ. ಹೊಣೆ ಮೇಲಿನವರ ಮೇಲೆ ಬೀಳುವುದರಿಂದ ಇದು ಲೈನ್ ಲೀಡರ್, ಶಿಫ್ಟ್ ಇನ್‌ಚಾರ್ಜ್, ಮಾಲೀಕರಿಗೆ ಹೇಳಬೇಕಾದ ಕಥೆ. ಕೆಲಸಗಾರರ ಗುಂಪಿಗೆ ಉದ್ದವಾಯಿತು.

ಮೂರು ಮೀನು

ಪಂಚತಂತ್ರದಲ್ಲಿ ಮೂರು ಮೀನುಗಳಿವೆ: ಅನಾಗತವಿಧಾತ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ. ಮಹಾಭಾರತದ ಶಾಂತಿಪರ್ವದಲ್ಲೂ ಇದೇ ಬಗೆಯ ಕಥೆ ಬರುತ್ತದೆ. ನಾಳೆ ಈ ಕೆರೆಗೆ ಬಲೆ ಹಾಕೋಣ ಎಂದು ಬೆಸ್ತರು ಆಡಿದ ಮಾತು ಮೊದಲನೆಯದರ ಕಿವಿಗೆ ಬೀಳುತ್ತದೆ. ಅದು ಉಳಿದವರಿಗೆ ತಿಳಿಸಿ ರಾತ್ರಿಯೇ ಕಾಲುವೆ ಹಿಡಿದು ಹೊರಡುತ್ತದೆ. ಎರಡನೆಯದು ಬಲೆಗೆ ಬಿದ್ದು ಸತ್ತಂತೆ ನಟಿಸಿ ಪಾರಾಗುತ್ತದೆ. ಮೂರನೆಯದು ಆದದ್ದಾಗಲಿ ಎಂದು ಉಳಿದು ಸಾಯುತ್ತದೆ.

ಚೀಸ್ ಕಥೆಗಿಂತ ಇದು ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಪುರಾತನ ಕಥೆ ಎಂಬುದು ಅದಕ್ಕೆ ಕಾರಣವಲ್ಲ. ಬಲೆ ಹಾಕುವವರು ಇಲ್ಲಿ ಕಣ್ಣೆದುರು ಇದ್ದಾರೆ, ಸುದ್ದಿ ಎಲ್ಲಿಂದ ಬಂತೆಂಬುದು ಇದೆ, ಗಡುವು ಇದೆ, ಹೋಗಲು ದಾರಿ ಇದೆ. ಕೆರೆ ಕೋಡಿ ಬಿದ್ದಾಗ ಮೀನು ಹೊರಬೀಳುವುದನ್ನು ಕಂಡ ಜನ ಕೂಡಲೇ ಕೇಳುತ್ತಾರೆ: ಕಾಲುವೆಯಲ್ಲಿ ನೀರೇ ಇಲ್ಲದಿದ್ದರೆ ಆ ಮೊದಲನೆಯ ಮೀನು ಹೋಗುವುದೆಲ್ಲಿಗೆ? ಈ ಮಾತು ಬಂದರೆ ಕಥೆ ತನ್ನ ಕೆಲಸ ಮಾಡಿತು ಎಂದೇ ಅರ್ಥ. ಕಲಿಯಲು ಸಮಯ ಕೊಟ್ಟಿಲ್ಲ, ಬೇರೆ ವಿಭಾಗದಲ್ಲಿ ಜಾಗವಿಲ್ಲ ಎಂಬುದೆಲ್ಲ ಆ ಒಂದು ಪ್ರಶ್ನೆಯೊಳಗಿಂದ ಹೊರಬರುತ್ತದೆ.

ಹೇಳುವ ಕ್ರಮ ಹೀಗಿರಲಿ. ಗುಂಪಿನಲ್ಲಿ 12ರಿಂದ 15 ಜನ, ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲು ಮಾತಾಡುವುದಿಲ್ಲ. ಶಿಫ್ಟ್ ಶುರುವಾಗುವಾಗ, ಕೆಲಸದ ವೇಳೆಯೊಳಗೇ 20 ನಿಮಿಷ. ಶಿಫ್ಟ್ ಮುಗಿದ ಮೇಲೆ ಇಟ್ಟರೆ ಎಲ್ಲರ ಕಣ್ಣೂ ಬಸ್ಸಿನ ಮೇಲೆ. ಹೇಳುವವರು ಹೆಚ್‌ಆರ್‌ನವರಲ್ಲ, ಅದೇ ಲೈನಿನ ಲೀಡರ್ ಆಗಿರಲಿ. ಕೋಲಾರದ ಗಡಿ ಕಡೆಯವರಿದ್ದರೆ ತೆಲುಗು ಬೆರೆಸಿಯೇ ಹೇಳಿ. ಬಲೆ ಬೀಳುವ ಮುಂಚಿನ ರಾತ್ರಿಗೆ ಕಥೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ: ನಮಗೆ ಸುದ್ದಿ ಯಾರಿಂದ ಬಂತು, ಎಷ್ಟು ದಿನ ಇದೆ, ದಾರಿ ಯಾವುದು? ಬಂದ ಉತ್ತರಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು ಎರಡು ದಿನದೊಳಗೆ ಒಂದೊಂದಕ್ಕೂ ಜವಾಬು ತನ್ನಿ. ಜವಾಬು ತರಲು ಆಗದಿದ್ದರೆ ಕಥೆ ಹೇಳುವುದೇ ಬೇಡ. ಕೇಳಿಸಿಕೊಂಡು ಸುಮ್ಮನಾದವರ ಮೇಲೆ ಜನಕ್ಕೆ ಮೊದಲಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಮೂರನೆಯ ಮೀನಿನ ಸಾವನ್ನು ಹೇಳಲೇಬೇಡಿ. ವಯಸ್ಸಾದವರು ಅದನ್ನು ತಮ್ಮನ್ನು ಕುರಿತೇ ಹೇಳಿದ್ದೆಂದು ತೆಗೆದುಕೊಳ್ಳುತ್ತಾರೆ.

ಕಥೆ ಬಿಟ್ಟು ಯಂತ್ರದ ಮುಂದೆ

ಯಾವ ಕಥೆಯೂ ಮುಟ್ಟದ ಒಂದು ಭಯವಿದೆ: ಇಷ್ಟು ವರ್ಷ ಕಲಿತದ್ದು ಇನ್ನು ಕೆಲಸಕ್ಕೆ ಬಾರದು ಎಂಬುದು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಂದ ಎಳೆ ಕೊಡುವ ಕಾಟೇಜ್ ಬೇಸಿನ್‌ನಿಂದ ಸ್ವಯಂಚಾಲಿತ ರೀಲಿಂಗ್ ಯಂತ್ರಕ್ಕೆ ಹೋಗುವವರಲ್ಲಿ ಅದನ್ನು ಚೆನ್ನಾಗಿ ಕಾಣಬಹುದು.

ಬೇಸಿನ್‌ನಲ್ಲಿ ನೂಲಿನ ದಪ್ಪ ಕಾಯುವುದು ಕಣ್ಣು. ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳುವಿನ) ಗೂಡಿನಿಂದ 20/22 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲು ತೆಗೆಯುವಾಗ ಒಂದು ಎಳೆಗೆ ಸುಮಾರು 8 ಗೂಡು ಓಡುತ್ತಿರಬೇಕು. ಒಂದು ತೀರಿದರೆ ಇನ್ನೊಂದರ ತುದಿಯನ್ನು ಕ್ಷಣದಲ್ಲಿ ಕೊಡಬೇಕು. ಹೊಸ ಯಂತ್ರದಲ್ಲಿ ನೂಲು ಎರಡು ಚಿಕ್ಕ ಗಾಜಿನ ಬಿಲ್ಲೆಗಳ ನಡುವಿನ ಸಂದಿಯಲ್ಲಿ ಹಾಯುತ್ತದೆ. ನೂಲು ತೆಳುವಾದರೆ ಸಂದಿಯಲ್ಲಿ ಉಜ್ಜುವುದು ಕಡಿಮೆಯಾಗಿ ಸೂಚಕ ಕದಲುತ್ತದೆ, ಆಗ ಯಂತ್ರವೇ ಹೊಸ ಗೂಡು ಸೇರಿಸುತ್ತದೆ. ಇಷ್ಟನ್ನೇ ತೋರಿಸಿ ನಿಲ್ಲಿಸಿದರೆ ಬೇಸಿನ್‌ನವರು ತಮ್ಮ ಕಣ್ಣಿಗೆ ಬೆಲೆ ಹೋಯಿತೆಂದುಕೊಳ್ಳುತ್ತಾರೆ.

ಮುಂದಿನದನ್ನೂ ತೋರಿಸಬೇಕು. ಆ ಸಂದಿಯಲ್ಲಿ ಗೂಡಿನ ಅಂಟೋ ನೂಲಿನ ಸಣ್ಣ ಗಂಟೋ ಸೇರಿಕೊಂಡರೆ ಉಜ್ಜುವಿಕೆ ಹೆಚ್ಚಾಗುತ್ತದೆ. ನೂಲು ದಪ್ಪಗಿದೆ ಎಂದೇ ಯಂತ್ರ ತಿಳಿಯುತ್ತದೆ, ಗೂಡು ಸೇರಿಸುವುದಿಲ್ಲ, ನೂಲು ತೆಳುವಾಗುತ್ತಾ ಹೋಗಿ ಕಡಿಯುತ್ತದೆ. ಎಂಟು ಇರಬೇಕಾದಲ್ಲಿ ಐದೇ ಗೂಡು ಓಡುತ್ತಿವೆ ಎಂಬುದನ್ನು ನೂಲು ಕಡಿಯುವ ಮುಂಚೆ ಕಾಣುವುದು ಬೇಸಿನ್‌ನಲ್ಲಿ ಪಳಗಿದ ಕಣ್ಣು ಮಾತ್ರ. ಇದನ್ನು ಕೈಯಾರೆ ಮಾಡಿಸಿ: ಮೊದಲ ದಿನ ಯಂತ್ರ ನಿಲ್ಲಿಸಿ ಬಿಲ್ಲೆಗಳನ್ನು ತೊಳೆಸುವುದು, ಮರುದಿನ ಒಬ್ಬೊಬ್ಬರಿಗೆ 10 ಎಳೆ ಮಾತ್ರ ಕೊಟ್ಟು ಗೂಡು ಎಣಿಸುವುದು, ಆಮೇಲೆ ಎಳೆಗಳನ್ನು ಹೆಚ್ಚಿಸುತ್ತಾ ಹೋಗುವುದು. ‘ಯಂತ್ರ ಬಂತು, ನಮ್ಮನ್ನು ಯಾರು ಕೇಳ್ತಾರೆ’ ಎನ್ನುತ್ತಿದ್ದವರು ಸಂದಿ ಕಟ್ಟಿದ್ದನ್ನು ತಾವೇ ಹಿಡಿದ ಮೇಲೆ ಆಡುವ ಮಾತೇ ಬೇರೆ. ನಾವು ನೋಡಿದ ಎಲ್ಲ ದಾರಿಗಳಲ್ಲಿ ಇದರಷ್ಟು ಧೈರ್ಯ ಕೊಟ್ಟದ್ದು ಇನ್ನೊಂದಿಲ್ಲ.

ಇದೂ ಕೆಡುತ್ತದೆ. ಕಲಿಯುವ ದಿನಗಳಲ್ಲಿ ಕೆಜಿ ಲೆಕ್ಕದ ಕೂಲಿ ಇಟ್ಟರೆ ಯಾರೂ ನಿಧಾನವಾಗಿ ಕಲಿಯುವುದಿಲ್ಲ. ದಿನಗೂಲಿ ಖಾತ್ರಿ ಮಾಡಿ. ಬೇರೆ ಬೇರೆ ಲಾಟಿನ ಗೂಡು ಬೆರೆಸಿ ಬೇಯಿಸಿದರೆ ಕೆಲವು ಹೆಚ್ಚು ಬೆಂದು ಕೆಲವು ಬೇಯದೆ ಎಳೆ ಕಡಿಯುತ್ತಲೇ ಇರುತ್ತದೆ, ತಪ್ಪು ಮಾತ್ರ ಯಂತ್ರದ ಮುಂದೆ ನಿಂತವರ ತಲೆಗೆ. ಬೆರಳಚ್ಚಿನ ಹಾಜರಿಯನ್ನೂ ಇದೇ ವಾರ ತರಬೇಡಿ. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳನ್ನು ಆ ಯಂತ್ರ ಬಹಳ ಸಲ ಓದುವುದಿಲ್ಲ. ರೀಲಿಂಗ್ ಘಟಕಕ್ಕೆ ಕಾರ್ಡ್ ಅಥವಾ ಮುಖ ಗುರುತಿಸುವ ಯಂತ್ರವೇ ಸರಿ.

ರಿಜಿಸ್ಟರ್‌ನಿಂದ ಟ್ಯಾಬ್‌ಗೆ ಹೋಗುವ ಕಾರ್ಖಾನೆಗಳಲ್ಲಿ ಎರಡು ವಾರ ಎರಡೂ ನಡೆಯಲಿ. ಶಿಫ್ಟ್ ಕೊನೆಗೆ ಎರಡರ ಲೆಕ್ಕ ತಾಳೆ ನೋಡಿ, ಸತತ ಮೂರು ಶಿಫ್ಟ್ ತಾಳೆಯಾದ ಮೇಲೆ ರಿಜಿಸ್ಟರ್ ನಿಲ್ಲಿಸಿ. ಆ ದಿನಗಳಲ್ಲಿ ಟಾರ್ಗೆಟ್ ಇಳಿಸದಿದ್ದರೆ ಜನ ಕೊನೆಯ ಹತ್ತು ನಿಮಿಷದಲ್ಲಿ ನೆನಪಿನಿಂದ ರಿಜಿಸ್ಟರ್ ತುಂಬುತ್ತಾರೆ, ತಾಳೆ ನೋಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಒಂದು ಹಾಳೆ

ಶಿಫ್ಟ್, ಸಂಬಳ, ರಜೆ ಬದಲಾಗುವ ಕಡೆ ಕಥೆಯೂ ಬೇಡ, ಯಂತ್ರದ ಅಭ್ಯಾಸವೂ ಸಾಲದು. ದೊಡ್ಡ ಅಕ್ಷರದ, ಒಂದೇ ಬದಿಯ ಕನ್ನಡ ಹಾಳೆ ಬೇಕು. ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ಯಾವ ತಾರೀಖಿನಿಂದ, ಅನುಮಾನವಿದ್ದರೆ ಯಾರನ್ನು ಎಷ್ಟು ಗಂಟೆಗೆ ಕೇಳಬೇಕು ಎಂಬುದೆಲ್ಲ ಅದರಲ್ಲಿರಲಿ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ಕೆಲಸಕ್ಕೆ ಅವಕಾಶ ಕೊಟ್ಟಿತ್ತು. 8 ಗಂಟೆಯ 6 ದಿನವೂ 48, 12 ಗಂಟೆಯ 4 ದಿನವೂ 48. ಕಾಗದದ ಮೇಲೆ ಎರಡೂ ಒಂದೇ. ಆದರೆ ಐದನೆಯ ದಿನ ಕರೆದರೆ ಅದು ಓಟಿಯೋ ಅಲ್ಲವೋ, ರಾತ್ರಿ ಶಿಫ್ಟ್ ಬಿಟ್ಟ ಮೇಲೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಗೆ ಬಸ್ ಇದೆಯೋ ಇಲ್ಲವೋ ಎಂಬುದೇ ಜನ ಕೇಳುವುದು. ಒಬ್ಬ ಕೆಲಸಗಾರನ ಒಂದು ತಿಂಗಳ ಸಂಬಳವನ್ನು ಹಳೆಯ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಅಕ್ಕಪಕ್ಕ ಬರೆದು ತೋರಿಸಿ.

ಇದು ಆಡಳಿತದ ಉಪಕಾರವೂ ಅಲ್ಲ. ಶಿಫ್ಟ್, ಕೆಲಸದ ವೇಳೆ, ಕೂಲಿಯಂಥವನ್ನು ಬದಲಿಸುವ ಮುಂಚೆ 21 ದಿನದ ನೋಟಿಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. ಅದರ ಜಾಗಕ್ಕೆಂದು ಮಾಡಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ 21 ದಿನ ಉಳಿದಿದೆ. ನರಸಾಪುರದ ಫೋನ್ ಜೋಡಣೆ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ನಡೆದ ಗಲಭೆಯ ಹಿಂದೆ ಇದ್ದದ್ದು ಸಂಬಳ ಮತ್ತು ಹಾಜರಿ ಲೆಕ್ಕದ ದೂರುಗಳು. ಅಂಥ ಕಡೆ ಇಲಿ, ಮೀನು ಎಂದು ಕಥೆ ಹೇಳಲು ಹೋದರೆ ಉರಿಯುವುದಕ್ಕೆ ತುಪ್ಪ ಸುರಿದಂತೆ.

ಯಾವುದು ಮೊದಲು

ಎಲ್ಲವನ್ನೂ ಬಳಸುವುದಾದರೆ ಹಾಳೆ ಮೊದಲು, ಯಂತ್ರದ ಅಭ್ಯಾಸ ಆಮೇಲೆ, ಕಥೆ ಮೂರನೆಯದು. ತರಬೇತಿ ನಡೆಸುವ ಬಹುತೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲ ದಿನವೇ ಕಥೆ ಹೇಳಿದರೆ ಇನ್ನೇನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಹೊಸ ಯಂತ್ರ ಮುಟ್ಟಿ ನಾಲ್ಕು ದಿನವಾದ ಮೇಲೆ, ಮೊದಲ ತಪ್ಪುಗಳೆಲ್ಲ ಆಗಿ ಜನ ಸೋತಂತೆ ಕಾಣುವ ಹೊತ್ತಿಗೆ, ಅದೇ ಮೀನಿನ ಕಥೆ ಮನಸ್ಸಿಗೆ ಹಿಡಿಯುತ್ತದೆ. ಆಗ ಬರುವ ಪ್ರಶ್ನೆಗಳೂ ಸ್ಪಷ್ಟವಾಗಿರುತ್ತವೆ. ಜನರನ್ನು ಕೆಲಸದಿಂದ ತೆಗೆಯುವುದು ಖಚಿತವಾಗಿದ್ದರೆ ಕಥೆಯನ್ನು ಪೂರ್ತಿ ಕೈಬಿಡಿ. ಆ ದಿನಗಳಲ್ಲಿ ಅವರ ಕೈಗೆ ಸಿಗಬೇಕಾದದ್ದು ಬಾಕಿ ಸಂಬಳದ ಲೆಕ್ಕ, ಪಿಎಫ್ ಮತ್ತು ಗ್ರಾಚ್ಯುಟಿಯ ಕಾಗದ, ಎಷ್ಟು ವರ್ಷ ಯಾವ ಯಂತ್ರದ ಮೇಲೆ ದುಡಿದರು ಎಂದು ಬರೆದ ಅನುಭವ ಪತ್ರ.