ಕಾಫಿಯ ಹಿಟ್ಟು ತಿಗಣೆಗೆ ಗುಲಗಂಜಿ ಹುಳುವೋ, ಪುಟ್ಟ ಕಣಜವೋ?

ಬಿಸಿಲೇರಿದಂತೆ ಚಿಕ್ಕಮಗಳೂರಿನ ರೋಬಸ್ಟಾ ತೋಟಗಳಲ್ಲಿ ಹಿಟ್ಟು ತಿಗಣೆ ಹೆಚ್ಚಿ, ಮೊಗ್ಗು ಮತ್ತು ಎಳೆಕಾಯಿಗಳ ರಸ ಹೀರುತ್ತದೆ. ಅದರ ವಿರುದ್ಧ ಬಿಡಬಹುದಾದ ಎರಡು ಜೀವಿಗಳ ಗುಣ ಬೇರೆ ಬೇರೆ.

ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂತು. ಹುಳುವೂ ಅದರ ಮರಿಯೂ ತಿಗಣೆಗಳನ್ನು ಮೊಟ್ಟೆ ಸಮೇತ ತಿನ್ನುತ್ತವೆ. ಗೊಂಚಲುಗಳು ಬೆಳ್ಳಗಾಗುವಷ್ಟು ತಿಗಣೆ ಇದ್ದಲ್ಲಿ ಇದಕ್ಕೆ ಸಮನಿಲ್ಲ; ತಿಗಣೆ ವಿರಳವಾದರೆ ಮಾತ್ರ ಇದು ಅಲ್ಲಿ ನೆಲೆ ನಿಲ್ಲುವುದಿಲ್ಲ. ಇದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ನೋಡಲು ತಿಗಣೆಯಂತೆಯೇ ಕಾಣುತ್ತದೆ. ಕೆಲಸದವರಿಗೆ ಅದನ್ನು ಮೊದಲೇ ತೋರಿಸಿಡಿ, ಇಲ್ಲವಾದರೆ ಉಪಕಾರಿಯನ್ನೇ ಹೊಸಕಿಬಿಡುತ್ತಾರೆ.

ಲೆಪ್ಟೊಮ್ಯಾಸ್ಟಿಕ್ಸ್ ಕಣಜ 1983ರಲ್ಲಿ ಟ್ರಿನಿಡಾಡ್‌ನಿಂದ ಬಂದದ್ದು. ಇದು ತಿಗಣೆಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಅಲ್ಲಲ್ಲಿ ಚದುರಿದ ತಿಗಣೆಯನ್ನೂ ಹುಡುಕಿ ಹಿಡಿಯುವುದು ಇದರ ದೊಡ್ಡ ಶಕ್ತಿ. ಆದರೆ ಇದಕ್ಕೆ ಒಗ್ಗುವುದು ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿ ಮಾತ್ರ. ಕಾಫಿಗೆ ಬರುವ ಇನ್ನೊಂದು ಜಾತಿ ಲಿಲಾಸಿನಸ್. ಅದಿದ್ದರೆ ಕಣಜ ಬಿಟ್ಟು ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಜ್ಞರನ್ನು ಕೇಳಿ ಜಾತಿಯನ್ನು ಖಚಿತಪಡಿಸಿಕೊಳ್ಳಿ.

ಸಿಟ್ರಿ ಎಂದು ತಿಳಿದರೆ ನನ್ನ ಆಯ್ಕೆ ಕಣಜವೇ. ಬಾಧೆ ವಿಪರೀತವಾದ ಗಿಡಗಳಿಗೆ ಗುಲಗಂಜಿ ಹುಳು.

ಯಾವುದನ್ನು ಬಿಟ್ಟರೂ ಇರುವೆಗಳನ್ನು ತಡೆಯಲೇಬೇಕು: ತಿಗಣೆಯ ಸಿಹಿ ಅಂಟಿನ ಆಸೆಗೆ ಅವು ಎರಡನ್ನೂ ಓಡಿಸುತ್ತವೆ. ಬಿಟ್ಟ ಮೇಲೆ ಕೀಟನಾಶಕ ಸಿಂಪಡಿಸಬೇಡಿ.