ಮೈನ್‌ಕ್ರಾಫ್ಟ್‌ನಲ್ಲಿ ಕುದುರೆ ಹಿಂಡು ಕಟ್ಟೋದು: ಹನ್ನೆರಡು ವರ್ಷ ಆಡಿದವಳ ಅನುಭವ

ಮೈನ್‌ಕ್ರಾಫ್ಟ್ ಅಂದರೆ ಮನೆ ಕಟ್ಟುವ ಆಟ, ಗಣಿ ತೋಡುವ ಆಟ ಅಂತ ಎಲ್ಲರಿಗೂ ಗೊತ್ತು. ನಾನು ಅದನ್ನು ಆಡುವುದು ಕುದುರೆಗಳಿಗೋಸ್ಕರ. 2013ರ ಜುಲೈನಲ್ಲಿ 1.6 ಅಪ್‌ಡೇಟ್ ಬಂತು, ಆಟಕ್ಕೆ ಕುದುರೆ ಸೇರಿತು. ಅಲ್ಲಿಂದ ಇಲ್ಲಿವರೆಗೆ ನನ್ನ ಲಾಯ ಖಾಲಿ ಬಿದ್ದದ್ದಿಲ್ಲ. ಈ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಪುಟ್ಟಿ ನನ್ನ ಪಕ್ಕ ಕೂತು ತನ್ನದೇ ಹಿಂಡು ಶುರು ಮಾಡಿದಳು. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಆಡುವುದು ಕಂಪ್ಯೂಟರ್‌ನ ಜಾವಾ ಎಡಿಷನ್. ಲೆಕ್ಕಗಳೆಲ್ಲ ಅದರವು.

ಮೊದಲು ಒಂದು ವಿಷಯ. ಈ ಆಟ ನಿಮಗೆ ಕುದುರೆಯ ಬಗ್ಗೆ ಏನನ್ನೂ ಬರೆದು ತೋರಿಸುವುದಿಲ್ಲ. ವಂಶಾವಳಿ ಇಲ್ಲ, ಅಂಕಪಟ್ಟಿ ಇಲ್ಲ. ಹತ್ತಿ ಕೂತಾಗ ಹೃದಯದ ಸಾಲು ಕಾಣುತ್ತದೆ, ಅಷ್ಟೇ. ಆದರೆ ಒಳಗೆ ಪ್ರತಿ ಕುದುರೆಗೂ ಮೂರು ಗುಣ ಇವೆ: ಆರೋಗ್ಯ, ವೇಗ, ಜಿಗಿತ. ಆರೋಗ್ಯ ಏಳೂವರೆ ಹೃದಯದಿಂದ 15ರವರೆಗೆ. ಜಿಗಿತ ಒಂದು ಬ್ಲಾಕ್‌ಗಿಂತ ಸ್ವಲ್ಪ ಜಾಸ್ತಿಯಿಂದ ಐದು ಬ್ಲಾಕ್ ದಾಟುವವರೆಗೆ (ಬ್ಲಾಕ್ ಅಂದರೆ ಈ ಆಟದ ಲೋಕ ಕಟ್ಟಿರುವ ಚೌಕದ ತುಂಡು, ಅಳತೆಯೂ ಅದೇ). ವೇಗ ಸೆಕೆಂಡಿಗೆ 4.7 ಬ್ಲಾಕ್‌ನಿಂದ 14.2ರವರೆಗೆ. ನೀವು ಕಾಲಲ್ಲಿ ಓಡಿದರೆ ಸೆಕೆಂಡಿಗೆ 5.6 ಬ್ಲಾಕ್ ಹೋಗುತ್ತೀರಿ. ಅಂದರೆ ಕೆಲವು ಕುದುರೆಗಳು ನಿಮಗಿಂತ ನಿಧಾನ. ನೋಡಲು ಎಷ್ಟು ಚೆಂದ ಇದ್ದರೂ ಅಷ್ಟೇ. ಬಣ್ಣ ಏಳು, ಮೈಮೇಲಿನ ಗುರುತು ಐದು ಬಗೆ, ಒಟ್ಟು 35 ಥರದ ಕುದುರೆ ಸಿಗುತ್ತವೆ. ಬಣ್ಣಕ್ಕೂ ಓಟಕ್ಕೂ ಸಂಬಂಧ ಇಲ್ಲ.

ಅದಕ್ಕೇ ಹೊಸಬರಿಗೆ ನನ್ನ ಮೊದಲ ಮಾತು: ಮರಿ ಮಾಡಿಸುವ ಮುಂಚೆ ಅಳೆಯಿರಿ. ಕಾಡಲ್ಲಿ ಸಿಕ್ಕ ಎರಡು ಕುದುರೆಯನ್ನು ತಂದು ತಕ್ಷಣ ಜೋಡಿ ಮಾಡಬೇಡಿ. ನಾನು ಮೊದಲ ವರ್ಷ ಪೂರ್ತಿ ಹಾಗೇ ಮಾಡಿದೆ. ಲಾಯದಲ್ಲಿ ನಲವತ್ತು ಕುದುರೆ ಇದ್ದವು. ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಬಯಲು ಮತ್ತು ಸವಾನಾ ಪ್ರದೇಶದಲ್ಲಿ ಎರಡರಿಂದ ಆರು ಕುದುರೆಗಳ ಗುಂಪು ಸಿಗುತ್ತದೆ. ಬರಿಗೈಯಲ್ಲಿ ಹತ್ತಬೇಕು. ಕೆಡವುತ್ತದೆ. ಮತ್ತೆ ಹತ್ತಬೇಕು. ಸಕ್ಕರೆ, ಗೋಧಿ, ಸೇಬು ತಿನ್ನಿಸಿದರೆ ಬೇಗ ಪಳಗುತ್ತದೆ. ಮೈಸುತ್ತ ಹೃದಯಗಳು ಎದ್ದರೆ ಅದು ನಿಮ್ಮದು. ಮೊದಲೆಲ್ಲ ಸ್ಯಾಡಲ್‌ದೇ, ಅಂದರೆ ಜೀನಿನದೇ ದೊಡ್ಡ ಕಷ್ಟ. ಪೆಟ್ಟಿಗೆಗಳಲ್ಲಿ ಹುಡುಕಬೇಕಿತ್ತು, ಇಲ್ಲ ಅಂದರೆ ಗಾಳ ಹಾಕಿ ಕಾಯಬೇಕಿತ್ತು. 2025ರ 1.21.6 ಅಪ್‌ಡೇಟ್ ಆದ ಮೇಲೆ ಮೂರು ಚರ್ಮ, ಒಂದು ಕಬ್ಬಿಣದ ಗಟ್ಟಿ ಇದ್ದರೆ ನಾವೇ ಮಾಡಿಕೊಳ್ಳಬಹುದು. ಹೊಸಬರಿಗೆ ಇದರಷ್ಟು ಅನುಕೂಲ ಮಾಡಿಕೊಟ್ಟ ಬದಲಾವಣೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನು ಅಳೆಯುವುದು. ನಮ್ಮ ಓಟದ ದಾರಿ ಹೀಗಿದೆ. ಸಮತಟ್ಟು ನೆಲದಲ್ಲಿ 100 ಬ್ಲಾಕ್ ಉದ್ದ, ಮೂರು ಬ್ಲಾಕ್ ಅಗಲ, ಎರಡೂ ಕಡೆ ಬೇಲಿ. ಶುರುವಿನ ಗೆರೆಗೆ ಕೆಂಪು ಉಣ್ಣೆ, ಕೊನೆಗೆ ಹಸಿರು. ಕೆಂಪು ಗೆರೆಗೆ ಮುಂಚೆ ಹತ್ತು ಬ್ಲಾಕ್ ಜಾಗ ಬಿಟ್ಟಿದ್ದೇನೆ, ಕುದುರೆ ಪೂರ್ತಿ ವೇಗ ಹಿಡಿದ ಮೇಲೇ ಗೆರೆ ದಾಟಲಿ ಅಂತ. ಪುಟ್ಟಿ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಪರದೆಗೆ ಮೂಗು ಹತ್ತಿಸಿಕೊಂಡು ಕೂತಿರುತ್ತಾಳೆ. ಒಂದು ಕುದುರೆಗೆ ಮೂರು ಸಲ ಓಡಿಸಿ ನಡುವಿನ ಲೆಕ್ಕ ಬರೆದುಕೊಳ್ಳುತ್ತೇವೆ. ಹತ್ತೂವರೆ ಸೆಕೆಂಡ್ ಬಂದರೆ ಸಾಧಾರಣ ಕುದುರೆ. ಒಂಬತ್ತಕ್ಕಿಂತ ಕಡಿಮೆ ಬಂದರೆ ಅದನ್ನು ಬಿಡಬೇಡಿ. ಏಳು ಸೆಕೆಂಡ್ ಅಂದರೆ ಆಟದ ಮಿತಿ, ಅದಕ್ಕಿಂತ ವೇಗ ಮರಿಗಳಿಗೆ ಬರುವುದಿಲ್ಲ. ಜಿಗಿತಕ್ಕೆ ಎರಡು, ಮೂರು, ನಾಲ್ಕು, ಐದು ಬ್ಲಾಕ್ ಎತ್ತರದ ಗೋಡೆಗಳನ್ನು ಸಾಲಾಗಿ ಕಟ್ಟಿ. ಜಿಗಿಯುವ ಕೀ ಒತ್ತಿ ಹಿಡಿದು, ಪರದೆಯ ಮೇಲಿನ ಜಿಗಿತದ ಪಟ್ಟಿ ಪೂರ್ತಿ ತುಂಬಿದಾಗ ಕೈ ಬಿಡಿ. ಯಾವ ಗೋಡೆ ಹತ್ತಿತು ಅಂತ ನೋಡಿ. ಹೃದಯ ಎಣಿಸಿ. ಮೂರನ್ನೂ ನೇಮ್ ಟ್ಯಾಗ್‌ನಲ್ಲಿ ಬರೆದು ಕುದುರೆಗೇ ಹಾಕಿಬಿಡಿ. ನನ್ನ ಕುದುರೆಗಳ ಹೆಸರು "8.4 - 3 - 11" ಅಂತ ಇರುತ್ತವೆ. ಮುದ್ದಿನ ಹೆಸರು ಬಾಯಲ್ಲಿ ಇದ್ದೇ ಇದೆಯಲ್ಲ.

ಕಡಿಮೆ ಅಂದರೂ ಹತ್ತು ಕಾಡು ಕುದುರೆ ಅಳೆದು, ಅದರಲ್ಲಿ ಎರಡು ಅಥವಾ ಮೂರನ್ನು ಮಾತ್ರ ಇಟ್ಟುಕೊಳ್ಳಿ. ಈ ಆಟದಲ್ಲಿ ಗಂಡು, ಹೆಣ್ಣು ಅಂತ ಭೇದ ಇಲ್ಲ. ಯಾವ ಎರಡನ್ನಾದರೂ ಜೋಡಿ ಮಾಡಬಹುದು. ಮರಿಯನ್ನು ಅದರ ತಾಯಿ ತಂದೆ ಜೊತೆಗೇ ಜೋಡಿ ಮಾಡಿದರೂ ತೊಂದರೆ ಆಗುವುದಿಲ್ಲ. ಊರಲ್ಲಿ ದನ ಸಾಕಿದವರಿಗೆ ಇದು ಮೊದಮೊದಲು ಒಪ್ಪಿಗೆ ಆಗಲ್ಲ, ನನಗೂ ಆಗಲಿಲ್ಲ. ಆದರೆ ಇದರಿಂದಲೇ ಎರಡು ಒಳ್ಳೆ ಕುದುರೆ ಇದ್ದರೂ ಹಿಂಡು ಮುಂದಕ್ಕೆ ಹೋಗುತ್ತದೆ.

ಜೋಡಿ ಮಾಡಲು ಗೋಲ್ಡನ್ ಕ್ಯಾರೆಟ್ ಅಥವಾ ಗೋಲ್ಡನ್ ಆಪಲ್ ತಿನ್ನಿಸಬೇಕು. ಕಣ್ಣು ಮುಚ್ಚಿ ಕ್ಯಾರೆಟ್ ಹಿಡಿಯಿರಿ. ಒಂದು ಆಪಲ್‌ಗೆ ಎಂಟು ಚಿನ್ನದ ಗಟ್ಟಿ ಬೇಕು, ಒಂದು ಕ್ಯಾರೆಟ್‌ಗೆ ಎಂಟು ಚಿನ್ನದ ಚೂರು ಸಾಕು. ಒಂಬತ್ತು ಚೂರಿಗೆ ಒಂದು ಗಟ್ಟಿ. ಅಂದರೆ ಆಪಲ್‌ನಲ್ಲಿ ಒಂದು ಮರಿ ಮಾಡಿಸುವ ಚಿನ್ನದಲ್ಲಿ ಕ್ಯಾರೆಟ್‌ನಿಂದ ಒಂಬತ್ತು ಮರಿ ಮಾಡಿಸಬಹುದು. ನೆದರ್‌ಗೆ, ಅಂದರೆ ಆಟದೊಳಗಿನ ಬೆಂಕಿ, ಲಾವಾದ ಲೋಕಕ್ಕೆ ಹೋಗಿ ಅಲ್ಲಿನ ಚಿನ್ನದ ಅದಿರು ಒಡೆದರೆ ಚೂರುಗಳು ನೇರವಾಗಿ ಸಿಗುತ್ತವೆ. ಕ್ಯಾರೆಟ್ ತಿಂದರೂ ಜೋಡಿ ಆಗುತ್ತಿಲ್ಲವಾ? ಎರಡೂ ಕುದುರೆಯ ಹೃದಯ ಪೂರ್ತಿ ತುಂಬಿದೆಯಾ ನೋಡಿ. ಗಾಯ ಆದ ಕುದುರೆ ಮರಿ ಹಾಕುವುದಿಲ್ಲ. ಮೊದಲು ಒಂದು ಹೇ ಬೇಲ್ (ಒಣಹುಲ್ಲಿನ ಕಟ್ಟು) ತಿನ್ನಿಸಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಚಿನ್ನ ಹಾಳು ಮಾಡಿಕೊಳ್ಳುತ್ತಾರೆ.

ಮರಿ ದೊಡ್ಡದಾಗಲು 20 ನಿಮಿಷ. ಹೇ ಬೇಲ್ ಒಂದಕ್ಕೆ ಮೂರು ನಿಮಿಷ ಕಡಿಮೆ ಆಗುತ್ತದೆ. ಜೋಡಿ ಐದು ನಿಮಿಷ ಬಿಟ್ಟು ಮತ್ತೆ ತಯಾರು. ಹುಟ್ಟಿದ ಮರಿಯನ್ನು ದೊಡ್ಡದಾದ ಮೇಲೆ ಮತ್ತೆ ಪಳಗಿಸಬೇಕು, ಅದನ್ನು ಮರೆಯಬೇಡಿ.

ಹಳೇ ಸಲಹೆಗಳನ್ನು ನಂಬುವಾಗ ಮಾತ್ರ ಹುಷಾರಾಗಿರಿ. ಇಲ್ಲೇ ಆಟ ತುಂಬಾ ಬದಲಾಗಿದೆ. ಮೊದಲು ಮರಿಯ ಗುಣ ಹೇಗೆ ಬರುತ್ತಿತ್ತು ಅಂದರೆ, ಜೋಡಿಯ ಎರಡು ಅಂಕಕ್ಕೆ ಮೂರನೆಯದೊಂದನ್ನು ಸೇರಿಸಿ ಮೂರರಿಂದ ಭಾಗಿಸುತ್ತಿದ್ದರು. ಆ ಮೂರನೆಯದು ಯಾವುದೋ ಕಾಡು ಕುದುರೆಯ ಹಾಗೆ, ಹೇಗೆ ಬೇಕಾದರೂ ಬರುವ ಅಂಕ. ಎರಡೂ ಕುದುರೆ ಸೆಕೆಂಡಿಗೆ 12 ಬ್ಲಾಕ್ ಓಡುತ್ತವೆ ಅಂದುಕೊಳ್ಳಿ. ಮೂರನೆಯದು ಸರಾಸರಿ 9.5. ಕೂಡಿಸಿ ಭಾಗಿಸಿದರೆ ಮರಿಗೆ 11.2. ಒಳ್ಳೆಯ ಜೋಡಿಗೂ ಬಹುಪಾಲು ಕೆಳಗಿನ ಮರಿಯೇ ಹುಟ್ಟುತ್ತಿತ್ತು. ಹಿಂಡು ಮೇಲೆ ಹೋದಷ್ಟೂ ಹಿಂದಕ್ಕೆ ಎಳೆದಂತೆ. ಆಗ ಒಂದೊಂದು ಮರಿಗೂ ನಾವು ಎಷ್ಟು ಕಾಯುತ್ತಿದ್ದೆವು! 2023ರ ಮಾರ್ಚ್‌ನಲ್ಲಿ ಬಂದ 1.19.4 ಅಪ್‌ಡೇಟ್ ಇದನ್ನು ತೆಗೆದುಹಾಕಿತು. ಈಗ ಮರಿಯ ಗುಣ ಜೋಡಿಯ ಸರಾಸರಿಯ ಆಚೀಚೆ ಬರುತ್ತದೆ. ಇಬ್ಬರಿಗಿಂತ ಮೇಲೂ ಹೋಗಬಹುದು, ಕೆಳಗೂ ಬರಬಹುದು. ಜೋಡಿಯ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಮರಿಗಳಲ್ಲಿ ಏರುಪೇರು ಜಾಸ್ತಿ. ಹಿಂಡು ಕಟ್ಟುವವರಿಗೆ ನಿಜವಾದ ಆಟ ಶುರುವಾದದ್ದು ಅವತ್ತೇ.

ಈಗ ನಾನು ಮಾಡುವ ಕ್ರಮ ಸರಳ. ಒಂದೇ ಗುಣ ಹಿಡಿಯುವುದು. ಮೊದಲು ವೇಗ. ಒಂದು ಜೋಡಿಯಿಂದ ಐದು ಮರಿ, ಐದನ್ನೂ ಅಳೆಯುವುದು. ಅವುಗಳಲ್ಲಿ ಅತಿ ವೇಗದ್ದು ನಿಧಾನದ ಹಿರಿಯ ಕುದುರೆಯ ಜಾಗಕ್ಕೆ ಬರುತ್ತದೆ. ಮತ್ತೆ ಐದು ಮರಿ. ನನ್ನ ಈಗಿನ ಲೋಕದಲ್ಲಿ 8.9 ಸೆಕೆಂಡಿನ ಕುದುರೆಯಿಂದ ಹೊರಟು ಏಳು ತಲೆಮಾರಿಗೆ 7.3 ಮುಟ್ಟಿದೆ. ಜಿಗಿತವನ್ನು ಆಮೇಲೆ ಸೇರಿಸಿದೆ. ಮೂರು ಬ್ಲಾಕ್ ಹತ್ತಿದರೆ ದಿನನಿತ್ಯದ ಓಡಾಟಕ್ಕೆ ಧಾರಾಳ. ಮೂರನ್ನೂ ಒಟ್ಟಿಗೆ ಬೆನ್ನಟ್ಟಿದರೆ ಯಾವ ಮರಿಯನ್ನು ಇಟ್ಟುಕೊಳ್ಳಬೇಕು ಅನ್ನುವುದೇ ತಿಳಿಯುವುದಿಲ್ಲ.

ನಿಧಾನದ ಕುದುರೆಗಳನ್ನು ಏನು ಮಾಡುವುದು? ಕೆಲವರು ಚರ್ಮಕ್ಕೆ ಕೊಲ್ಲುತ್ತಾರೆ. ನನಗೆ ಮನಸ್ಸಾಗುವುದಿಲ್ಲ. ಅವನ್ನು ಕತ್ತೆ ಜೊತೆ ಜೋಡಿ ಮಾಡಿಸುತ್ತೇನೆ. ಹೇಸರಗತ್ತೆ ಹುಟ್ಟುತ್ತದೆ, ಅದಕ್ಕೆ ಪೆಟ್ಟಿಗೆ ಕಟ್ಟಿದರೆ 15 ಖಾನೆ ಸಾಮಾನು ಹಿಡಿಯುತ್ತದೆ. ಹೇಸರಗತ್ತೆಗೆ ಮರಿ ಆಗುವುದಿಲ್ಲ, ಆದರೆ ದೂರದ ಗಣಿಗೆ ಹೋಗುವಾಗ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಪುಟ್ಟಿಯದೊಂದು ಬಿಳಿ ಕುದುರೆ ಇದೆ. ಓಟದಲ್ಲಿ 14 ಸೆಕೆಂಡ್.

"ಚಿಕ್ಕಮ್ಮ, ಇದನ್ನ ಮಾತ್ರ ತೆಗೀಬೇಡ. ಇದರ ಹಾಗೇ ಬಿಳೀದು, ಆದ್ರೆ ಜೋರಾಗಿ ಓಡೋದು ಬೇಕು ನಂಗೆ."

"ಆಗತ್ತೆ ಪುಟ್ಟಿ. ನಮ್ಮ ಕಪ್ಪು ಕುದುರೆ ಜೊತೆ ಬಿಡೋಣ."

ಆಗುತ್ತದೆ, ಸುಳ್ಳು ಹೇಳಲಿಲ್ಲ. ಒಂಬತ್ತರಲ್ಲಿ ನಾಲ್ಕು ಪಾಲು ಮರಿಗೆ ಒಂದರ ಬಣ್ಣ, ನಾಲ್ಕು ಪಾಲು ಇನ್ನೊಂದರ ಬಣ್ಣ, ಉಳಿದ ಒಂದು ಪಾಲು ಯಾವುದಾದರೂ ಬಣ್ಣ. ಬಣ್ಣ ಬೇಕು ಅನ್ನುವವರು ಹೀಗೆ ಒಂದು ಪ್ರತ್ಯೇಕ ಬೇಲಿ ಇಟ್ಟುಕೊಳ್ಳಿ, ಮುಖ್ಯ ಹಿಂಡಿಗೆ ಸೇರಿಸಬೇಡಿ.

ಇನ್ನೊಂದು ಮಾತನ್ನು ಹೇಳಲೇಬೇಕು. 2016ರಲ್ಲಿ ನನ್ನ ಹತ್ತಿರ ಕೆಂಚಿ ಅಂತ ಒಂದು ಕುದುರೆ ಇತ್ತು. ಆ ಕಾಲಕ್ಕೆ 7.8 ಸೆಕೆಂಡ್. ಖುಷಿಯಲ್ಲಿ ಅದನ್ನು ನೆದರ್‌ಗೆ ಕರೆದುಕೊಂಡು ಹೋಗಿ ಅಲ್ಲಿ ಏರಿದೆ. ದಾರಿಯ ಅಂಚು ತಪ್ಪಿ ಇಬ್ಬರೂ ಲಾವಾಕ್ಕೆ ಬಿದ್ದೆವು. ಆಟದಲ್ಲಿ ಸತ್ತವರು ಏಳುವ ಹಾಗೆ ನಾನು ಹಾಸಿಗೆಯಲ್ಲಿ ಎದ್ದೆ, ಕೆಂಚಿ ಬರಲಿಲ್ಲ. ಅದರಿಂದ ಒಂದು ಮರಿಯನ್ನೂ ಮಾಡಿಸಿರಲಿಲ್ಲ. ಎರಡು ವರ್ಷದ ಕೆಲಸ ಹೋಯಿತು. ಈಗ ಎಷ್ಟು ಒಳ್ಳೆ ಕುದುರೆ ಸಿಕ್ಕರೂ ಅದರ ಎರಡು ಮರಿ ಬೇಲಿಯೊಳಗೆ ಬೆಳೆದು ನಿಲ್ಲುವವರೆಗೆ ಅದರ ಮೇಲೆ ದೂರ ಹೋಗುವುದಿಲ್ಲ.

ಈ ಆಟಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅಂಕಗಳನ್ನು ಆಟವೇ ತೋರಿಸಿದ್ದರೆ ಮಕ್ಕಳಿಗೆ ಸುಲಭ ಆಗುತ್ತಿತ್ತು, ಅದಕ್ಕೆ ಅರ್ಧ ಕಡಿಮೆ. ಕುದುರೆ ರೇಸು, ಬಹುಮಾನ, ಮಾರಾಟ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ, ಇಲ್ಲಿ ಅದೆಲ್ಲ ನಾವೇ ಮಾಡಿಕೊಳ್ಳಬೇಕು. ನಿಧಾನವಾಗಿ ಒಂದು ತಳಿ ಕಟ್ಟುವ ಆಸೆ ಇದ್ದವರು ಧೈರ್ಯವಾಗಿ ತೆಗೆದುಕೊಳ್ಳಿ. ನಿನ್ನೆ ರಾತ್ರಿ ಆ ಬಿಳಿ ಕುದುರೆಗೂ ಕಪ್ಪು ಕುದುರೆಗೂ ಮೂರನೇ ಮರಿ ಹುಟ್ಟಿದೆ. ಬಿಳಿ. ಪುಟ್ಟಿ ಸ್ಕೂಲಿಂದ ಬಂದ ಮೇಲೆ ಓಡಿಸಿ ನೋಡಬೇಕು.